ಮುಂಬಯಿ ಬಂದರಿನಲ್ಲಿ ಬಿಚ್ಚಿದ ತೊಟ್ಟಿಲು

ಮಗಳಿಗೆ ಎರಡನೆಯ ಕೂಸು ಹುಟ್ಟಿದೆ. ಗಂಡು. ಶಹಾಬಾದಿನ ನಮ್ಮ ಓಣಿಯಲ್ಲಿ ಈ ಸುದ್ದಿ ಕೇಳದವರು ಇನ್ನು ಯಾರೂ ಉಳಿದಿಲ್ಲ. ಸಕ್ಕರೆ ಪುಡಿಕೆ ಹಿಡಿದುಕೊಂಡು ಫರಸಿ ಕಲ್ಲಿನ ಕಾರ್ಖಾನೆಗಳಿಗೆಲ್ಲ ಒಂದು ಸುತ್ತು ಹೋಗಿ ಬಂದೆ. ಒಬ್ಬ ಗೆಳೆಯ, ಬೆಳಿಗ್ಗೆಯೇ ಕೊಟ್ಟಿದ್ದೆಯಲ್ಲೋ ಅಂದ. ಇರಲಿ, ಇನ್ನೊಮ್ಮೆ ತಿನ್ನು ಅಂದೆ. ಈಗ ಅಂಗಳದಲ್ಲಿ ಸಾಗವಾನಿ ಹಲಗೆ ಹರಡಿಕೊಂಡು ಹೊಸ ತೊಟ್ಟಿಲು ಮಾಡುತ್ತಿದ್ದೇನೆ. ಒಳಗೆ ಕೂಸು ಅತ್ತರೆ ರಂದಾ ನಿಲ್ಲಿಸಿ ಕೇಳುತ್ತ ಕೂರುತ್ತೇನೆ. ಕೆಲಸ ಮುಂದೆ ಸಾಗುತ್ತಿಲ್ಲ, ಆದರೆ ಇಂಥ ದನಿ ಬಿಟ್ಟು ಹಲಗೆ ಹೆರೆಯುವುದು ಹೇಗೆ?

ಪಕ್ಕದಲ್ಲಿ ಕೂತು ಹೆರಕಲು ಆರಿಸುತ್ತಿದ್ದ ದೊಡ್ಡ ಮೊಮ್ಮಗಳು ಕೇಳಿದಳು: ನನ್ನ ತೊಟ್ಟಿಲು ಹಡಗಿನಲ್ಲಿ ಹೇಗೆ ಹೋಯಿತು ಮುತ್ಯಾ? ಅವ್ವ ಅರ್ಧ ಹೇಳುತ್ತಾಳೆ, ಆಮೇಲೆ ನಗುತ್ತಾಳೆ. ನೀನು ಬರೆದು ಕೊಡು ಅಂದಳು. ನಾನು ಓದಿದ್ದು ಎರಡನೇ ಇಯತ್ತೆ, ಅದೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಮಗಳ ಪಾಟಿಯ ಮೇಲೆ ಕಣ್ಣಾಡಿಸಿ. ಆದರೂ ಬರೆಯುತ್ತೇನೆ. ಈ ವಾರ ನನ್ನ ಕೈಗೆ ಯಾವ ಕೆಲಸ ಹೇಳಿದರೂ ಮಾಡುತ್ತದೆ.

ಮೈಸೂರು ರಾಜ್ಯ ಅನ್ನುವ ಹೆಸರು ಹೋಗಿ ಕರ್ನಾಟಕ ಅಂತಾದ ಆಸುಪಾಸಿನ ಮಾತು. ನಮ್ಮ ಅಳಿಯ ಸೇಡಂ ಕಡೆಯವರು, ಗಣಿತದ ಮಾಸ್ತರರು. ಪೂರ್ವ ಆಫ್ರಿಕಾದ ದಾರ್ ಎಸ್ ಸಲಾಮ್ ಎಂಬ ಊರಿನ ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಮಗಳು ಬಸುರಿಯಿದ್ದಾಗಲೇ ಅವರು ಮುಂದೆ ಹೋದರು. ಹೆಣ್ಣು ಕೂಸು ಹುಟ್ಟಿ, ನಾಮಕರಣವಾಗಿ, ಕುತ್ತಿಗೆ ನಿಂತು, ಬೋರಲು ಬೀಳುವಂತಾದರೂ ತಂದೆ ಇನ್ನೂ ಮುಖ ನೋಡಿರಲಿಲ್ಲ. ಹಡಗಿನಲ್ಲಿ ಜಾಗ ಸಿಕ್ಕಿರಲಿಲ್ಲ. ಕೊನೆಗೆ ಯಾರೋ ಹೋಗುವುದು ಬಿಟ್ಟರು, ಆ ಜಾಗ ನಮ್ಮ ಮಗಳಿಗೆ ಬಂತು. ಈ ಹಡಗು ತಪ್ಪಿದರೆ ಮತ್ತೆ ಯಾವಾಗ ಅಂತ ಹೇಳುವವರು ಯಾರೂ ಇರಲಿಲ್ಲ. ಮನೆ ಸಾಮಾನು ಕಟ್ಟಿ ಮುಂಬಯಿಗೆ ಮುಟ್ಟಿಸಿ, ತಾಯಿ ಮಗುವನ್ನು ಹಡಗು ಹತ್ತಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬಡಿಗ. ಪಾಲಿಶ್ ಮಾಡಿದ ಫರಸಿ ದೂರದ ಊರಿಗೆ ಹೋಗುವಾಗ ಅದಕ್ಕೆ ಕಟ್ಟಿಗೆಯ ಪೆಟ್ಟಿಗೆ ಮಾಡುವುದು ನನ್ನ ಕಸುಬು. ನಮ್ಮಲ್ಲಿ ಅದಕ್ಕೆ ಖೋಕಾ ಅನ್ನುತ್ತಾರೆ. ಕಲ್ಲನ್ನು ಎಂದೂ ಮಲಗಿಸಿ ಕಳಿಸುವುದಿಲ್ಲ. ಅಂಚಿನ ಮೇಲೆ ನಿಲ್ಲಿಸಿ, ಎರಡು ಕಲ್ಲುಗಳ ನಡುವೆ ಜೋಳದ ಕಣಿಕೆ ಸಿಗಿಸಿ, ಒಂದಿಷ್ಟೂ ಅಲ್ಲಾಡದ ಹಾಗೆ ಬೆಣೆ ಬಡಿಯುತ್ತೇವೆ. ಸಾಮಾನು ಒಡೆಯುವುದು ಪೆಟ್ಟು ಬಿದ್ದು ಅಲ್ಲ, ಒಳಗೆ ಓಡಾಡಲು ಜಾಗ ಸಿಕ್ಕಿ. ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಸಮುದ್ರದ ದಾರಿಯಲ್ಲಿ ಕಣಿಕೆ ಹುಲ್ಲು ನಡೆಯುವುದಿಲ್ಲ ಅಂತ ಹಡಗಿನ ಕಚೇರಿಯಿಂದ ಮೊದಲೇ ಹೇಳಿದ್ದರು. ಹಾಗಾಗಿ ಹಳೆಯ ಸೀರೆ, ಧೋತರ, ಕೌದಿಗಳನ್ನೇ ಹುಲ್ಲಿನ ಜಾಗದಲ್ಲಿ ಉಪಯೋಗಿಸಬೇಕಾಯಿತು.

ಎರಡು ಖೋಕಾ ಮಾಡಿದೆ. ಒಂದು ಸಣ್ಣದು, ಭಾರದ್ದು. ಅದರ ತಳದಲ್ಲಿ ಕಾರ ಅರೆಯುವ ಒಳ್ಳು, ಅದರ ಮೇಲೆ ರೊಟ್ಟಿ ಹಂಚು, ಹಿತ್ತಾಳೆ ಕೊಡಗಳು, ಒಂದರೊಳಗೊಂದು ಕೂರಿಸಿದ ಪಾತ್ರೆಗಳು. ಇನ್ನೊಂದು ದೊಡ್ಡದು, ಹಗುರದ್ದು. ಅದರಲ್ಲಿ ತೊಟ್ಟಿಲು, ಹಾಸಿಗೆ, ಬಟ್ಟೆ, ಕೂಸಿನ ಸಾಮಾನು. ಒಳಗೋಡೆಗೆ ಡಾಂಬರು ಕಾಗದ ಹೊಡೆದೆ, ಮೂಲೆಗಳಿಗೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟೆ. ಒಳ್ಳು ಇಡುವಾಗ ಅದರ ಗುಂಡಕಲ್ಲು ಕಾಣಲಿಲ್ಲ. ಅಡಿಗೆಮನೆಯತ್ತ ಮುಖ ಮಾಡಿ ಗುಂಡು ಎಲ್ಲಿ ಅಂತ ಕೂಗಿದೆ.

"ಅದರ ಚಿಂತಿ ನಿಮಗ್ಯಾಕ? ನಾ ನೋಡ್ಕೋತೀನಿ" ಅಂದಳು ಹೆಂಡತಿ.

ಅದು ಆಕೆಯ ತವರಿನ ಕಲ್ಲು. ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ, ಮಗಳು ಅಲ್ಲಿ ಬೇರೆ ಹುಡುಕಿಕೊಳ್ಳಲಿ ಅಂದುಕೊಂಡು ನಾನು ಸುಮ್ಮನಾದೆ.

ತೊಟ್ಟಿಲಿನ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳವೇ ಆಯಿತು. ನಾನು ಮಾಡಿದ ತೊಟ್ಟಿಲು ಮೊಳೆ ಇಲ್ಲದ್ದು, ಬೆಣೆ ತೆಗೆದರೆ ಕಂಬ ಬೇರೆ ಪಟ್ಟಿ ಬೇರೆ ಆಗುತ್ತದೆ. ಬಿಚ್ಚಿ ಕಟ್ಟಿದರೆ ಅರ್ಧ ಜಾಗ ಉಳಿಯುತ್ತಿತ್ತು. ಜೀವಂತ ಕೂಸು ಮಲಗುವ ತೊಟ್ಟಿಲು ಬಿಚ್ಚುತ್ತೀರಾ ಅಂತ ಆಕೆ ಅಡ್ಡ ನಿಂತಳು. ಸರಿ, ಇಡಿಯಾಗಿಯೇ ಇಟ್ಟೆ.

ಅದೇ ಹೊತ್ತಿಗೆ ನಮ್ಮ ಪಾಲಿಶ್ ಕಾರ್ಖಾನೆಯ ಹಾಜಿ ಸಾಹೇಬರು ನೋಡಲಿಕ್ಕೆ ಬಂದರು. ಅವರು ಹಿಂದಿನ ವರ್ಷ ಹಡಗಿನಲ್ಲಿ ಹಜ್ ಯಾತ್ರೆಗೆ ಹೋಗಿ ಬಂದಿದ್ದರು. ಚಹಾ ಕುಡಿಯುತ್ತ ಸಮುದ್ರದ ಸಂಗತಿ ಹೇಳಿದರು. ಹಗಲು ಇಲ್ಲ ರಾತ್ರಿ ಇಲ್ಲ, ಹಡಗು ತೊಟ್ಟಿಲು ತೂಗಿದ ಹಾಗೆ ತೂಗುತ್ತಲೇ ಇರುತ್ತದೆ ಅಂದರು. ನಾನು ನಕ್ಕೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಗಲಿಲ್ಲ. ಅದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಖೋಕಾಕ್ಕೆ ಸುತ್ತುವ ಕಬ್ಬಿಣದ ಪಟ್ಟಿ ತರಲು ಬಜಾರಕ್ಕೆ ಹೋಗಿ ಬಂದಾಗ ದೊಡ್ಡ ಖೋಕಾದ ಮೇಲೆ ಕೌದಿಗಳು ಅಂದವಾಗಿ ಹಾಸಿದ್ದವು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಎಲ್ಲಾ ಸರಿ ಇದೆ, ಮೊಳೆ ಹೊಡೆಯಿರಿ ಅಂದಳು. ಮುಚ್ಚಳ ಇಟ್ಟು ಮೊಳೆ ಹೊಡೆದೆ, ಪಟ್ಟಿ ಬಿಗಿದೆ. ಮಗಳು ನಾಲ್ಕೂ ಕಡೆ ಕರಿ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಊರ ಹೆಸರು ಬರೆದಳು.

ಕಲ್ಲು ಒಯ್ಯುವ ಲಾರಿಯಲ್ಲಿ ಸಾಮಾನು ವಾಡಿ ಜಂಕ್ಷನ್ನಿಗೆ ಮುಟ್ಟಿತು. ಅಲ್ಲಿ ಹಮಾಲರು ದೊಡ್ಡ ಖೋಕಾ ಎತ್ತಿದ ರೀತಿಯಲ್ಲೇ ಏನೋ ತಪ್ಪಿದೆ ಅನ್ನಿಸಿತು. ಒಂದು ಮೂಲೆ ಜೋಲುತ್ತಿತ್ತು. ತಕ್ಕಡಿಯ ಮೇಲೆ ಇಟ್ಟರೆ ನಾನು ಅಂದಾಜು ಮಾಡಿದ್ದಕ್ಕಿಂತ ಬಹಳ ಹೆಚ್ಚು ತೂಗಿತು. ಜೀವಮಾನವೆಲ್ಲ ಕಲ್ಲಿನ ತೂಕ ಕಣ್ಣಲ್ಲೇ ಹೇಳಿದವನಿಗೆ ಹತ್ತಿ, ಕೌದಿ, ತೊಟ್ಟಿಲಿನ ತೂಕ ತಪ್ಪಿತೇ? ಹೆಂಡತಿಯ ಕಡೆ ನೋಡಿದೆ. ಆಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಸಾಗವಾನಿ ಕಟಗಿ ಅಲ್ರಿ, ಭಾರ ಇರೋದೇ" ಅಂದಳು.

ಗಾಡಿ ಬಂತು. ಕೂಸನ್ನು ಕಿಟಕಿಯಿಂದ ಈಚೆ ತೆಗೆದುಕೊಂಡು ಮುದ್ದಾಡಿ, ಮತ್ತೆ ಒಳಗೆ ಕೊಟ್ಟು, ಆಕೆ ಅಳುತ್ತ ನಿಂತಳು. ಅಂಥ ಹೊತ್ತಿನಲ್ಲಿ ತೂಕದ ಮಾತು ಯಾರು ಎತ್ತುತ್ತಾರೆ?

ಬೆಳಗಾಗುವಾಗ ಮುಂಬಯಿಯ ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿದೆವು. ಸಾಮಾನು ಇಳಿಸಿಕೊಳ್ಳುವಾಗ ದೊಡ್ಡ ಖೋಕಾದ ಒಳಗಿನಿಂದ ದಡ್ ಅಂತ ಒಂದು ಸಪ್ಪಳ. ಹೊರಳಿಸಿದರೆ ಮತ್ತೆ ದಡ್. ನಾನು ಕಟ್ಟಿದ ಖೋಕಾದಲ್ಲಿ ಸಪ್ಪಳವೇ? ಕೈಗಾಡಿಯವನು ಒಳಗೆ ಏನೋ ಜೀವ ಇದೆ ಅಂತ ದೂರ ಸರಿದ. ಬಿಚ್ಚಿ ನೋಡಲು ಅಲ್ಲಿ ಜಾಗವಿರಲಿಲ್ಲ, ಹೊತ್ತೂ ಇರಲಿಲ್ಲ. ಹಡಗು ಮರುದಿನ ಬೆಳಿಗ್ಗೆ. ಸಾಮಾನು ಅಂದು ಸಂಜೆ ಬಂದರಿನ ಶೆಡ್ಡಿನ ಬಾಗಿಲು ಹಾಕುವುದರೊಳಗೆ ತಪಾಸಣೆ ಮುಗಿಸಿ ಒಳಗೆ ಹೋಗಬೇಕು.

ಬಂದರಿನಲ್ಲಿ ದೇವರ ಹಾಗೆ ಒಬ್ಬ ಹಮಾಲ ಸಿಕ್ಕ. ಚಿಂಚೋಳಿ ತಾಲ್ಲೂಕಿನವನು, ನಮ್ಮ ಮಾತು ಕೇಳಿ ತಾನಾಗಿ ಓಡಿ ಬಂದ. ಅವನೇ ಸಾಲಿನಲ್ಲಿ ನಿಲ್ಲಿಸಿ, ಯಾವ ಮೇಜಿಗೆ ಹೋಗಬೇಕೆಂದು ತೋರಿಸಿ, ನಡುನಡುವೆ ಮಗಳಿಗೆ ನೀರು ತಂದುಕೊಟ್ಟ. ತಪಾಸಣೆಯ ಅಧಿಕಾರಿ ಉತ್ತರದ ಕಡೆಯವರು, ಹಿಂದಿ ಮಾತು, ಗಟ್ಟಿ ಮನುಷ್ಯ, ಕೆಟ್ಟವರಲ್ಲ. ಸಣ್ಣ ಖೋಕಾದ ಮೇಲಿನ ಎರಡು ಕೊಡ ಎತ್ತಿಸಿ ನೋಡಿದರು, ಮುಚ್ಚಿಸಿದರು, ತಂತಿ ಸುತ್ತಿಸಿ ಸೀಸದ ಮುದ್ರೆ ಒತ್ತಿಸಿದರು. ಅದು ಪಾಸಾಯಿತು. ದೊಡ್ಡದನ್ನು ಹೊರಳಿಸುವಾಗ ದಡ್ ಅಂದದ್ದು ಅವರಿಗೂ ಕೇಳಿತು. ಪೂರಾ ಬಿಚ್ಚು ಅಂದರು.

ಮೊಳೆ ಕಿತ್ತೆ. ಹಮಾಲ ಮುಚ್ಚಳ ಎತ್ತಿ ಹಿಡಿದ. ಅಧಿಕಾರಿ ಪೆನ್ಸಿಲ್ ಹಿಡಿದು ಬಗ್ಗಿದರು. ಒಂದು ಕೌದಿ ತೆಗೆದೆ, ಇನ್ನೊಂದು ತೆಗೆದೆ. ತೊಟ್ಟಿಲಿನ ಒಂದು ಕಂಬ ಮುರಿದಿತ್ತು. ತೊಟ್ಟಿಲೊಳಗೆ, ನಮ್ಮ ಕೂಸಿನ ಹಸಿರು ಕುಂಚಿಗೆ ತಲೆಗೆ ಹಾಕಿಕೊಂಡು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಒಂದು ಕೂಸು ಗೋಡೆಗೆ ಮುಖ ಮಾಡಿ ಬಿದ್ದಿತ್ತು.

ಅಧಿಕಾರಿಯ ಕೈಯಿಂದ ಪೆನ್ಸಿಲ್ ಬಿತ್ತು. ಹಮಾಲ ಮುಚ್ಚಳ ಬಿಟ್ಟುಬಿಟ್ಟ. ಅದು ನೆಲಕ್ಕೆ ಬಿದ್ದ ಸಪ್ಪಳಕ್ಕೆ ಇಡೀ ಶೆಡ್ಡು ಈ ಕಡೆ ತಿರುಗಿತು. ನಾನು ಹಿಂದೆ ತಿರುಗಿ ಮಗಳನ್ನು ನೋಡಿದೆ. ಆಕೆಯ ಹೆಗಲ ಮೇಲೆ ನಮ್ಮ ಕೂಸು ಬಾಯಿ ತೆರೆದು ಮಲಗಿತ್ತು. ನಮ್ಮ ಕೂಸು ಅಲ್ಲಿದೆ. ಹಾಗಾದರೆ ಇದು ಯಾರದು? ಮುಚ್ಚಿದ ಖೋಕಾದಲ್ಲಿ, ಶಹಾಬಾದಿನಿಂದ ಇಲ್ಲಿತನಕ, ನಾನೇ ಮೊಳೆ ಹೊಡೆದ ಖೋಕಾದಲ್ಲಿ. ಅಂಥ ಗಳಿಗೆ ನನ್ನ ವೈರಿಗೂ ಬೇಡ.

ಗೇಟಿನ ಪೊಲೀಸಿನವನು ಓಡಿ ಬಂದ. ಜನ ಸುತ್ತುಗಟ್ಟಿದರು, ಆದರೆ ಯಾರೂ ಹತ್ತಿರ ಬರಲಿಲ್ಲ, ಮುಟ್ಟಲಿಲ್ಲ. ಯಾರೋ ಹೆಂಗಸರು ಅಳಲಾರಂಭಿಸಿದರು. ಅಧಿಕಾರಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಕೊನೆಗೆ ನಾನೇ ಕೈ ಚಾಚಿದೆ. ಕುಂಚಿಗೆಯ ಅಂಚು ಸರಿಸಿ ಕೆನ್ನೆ ಮುಟ್ಟಿದೆ. ತಣ್ಣಗಿತ್ತು. ಬೆರಳಿಗೆ ಕಾಡಿಗೆ ಹತ್ತಿತು. ಹೊರಳಿಸಲು ಹೋದರೆ ಕೂಸಿಗೆ ಇರಬಾರದಷ್ಟು ಭಾರ.

ಆ ಭಾರ ನನ್ನ ಕೈಗೆ ಗೊತ್ತಿತ್ತು.

"ಕಾಕಾ, ಗುಂಡಕಲ್ಲು ಅಲ್ಲೇನ್ರಿ ಇದು?" ಅಂದ ಹಮಾಲ. ಅಂದವನೇ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಹತ್ತಿದ.

ನಮ್ಮ ಕಡೆ ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ಒಳ್ಳಿನ ಗುಂಡಕಲ್ಲಿಗೆ ಎಣ್ಣೆ ಅರಿಶಿಣ ಹಚ್ಚಿ, ಕಾಡಿಗೆಯಲ್ಲಿ ಕಣ್ಣು ಬರೆದು, ಕುಂಚಿಗೆ ಕಟ್ಟಿ, ಅದನ್ನು ಮಲಗಿಸಿ ತೂಗಿ, ಆಮೇಲೆ ಕೂಸು. ಖಾಲಿ ತೊಟ್ಟಿಲನ್ನಂತೂ ಯಾರೂ ತೂಗುವುದಿಲ್ಲ, ಕೂಸಿಗೆ ಆಗಿಬರುವುದಿಲ್ಲ ಅಂತ. ನನಗೆ ಹಾಜಿ ಸಾಹೇಬರ ಮಾತು ನೆನಪಾಯಿತು. ಹಡಗು ತೊಟ್ಟಿಲಿನ ಹಾಗೆ ತೂಗುತ್ತದೆ. ಹಡಗು ತೂಗಿದರೆ ಖೋಕಾ ತೂಗುತ್ತದೆ, ಖೋಕಾ ತೂಗಿದರೆ ಒಳಗಿನ ತೊಟ್ಟಿಲೂ ತೂಗುತ್ತದೆ, ಸಮುದ್ರ ದಾಟುವವರೆಗೂ ಖಾಲಿಯಾಗಿ ತೂಗುತ್ತಲೇ ಇರುತ್ತದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಇಷ್ಟು ದೂರ ವಿಚಾರ ಮಾಡಿದ್ದಳು. ನನಗೆ ಹೇಳಿದರೆ ಭಾರ ಅಂತ ತೆಗೆದುಬಿಡುತ್ತೇನೆ ಎಂದು ಹೇಳಿರಲಿಲ್ಲ.

ಮಗಳಿಗೂ ಇದು ಗೊತ್ತಿರಲಿಲ್ಲ. ಆಕೆಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅವ್ವ ಇಟ್ಟಿದ್ದಾಳೆ, ಅವ್ವ ಇಟ್ಟಿದ್ದಾಳೆ ಅಂತ ಎರಡು ಸಲ ಅಂದಳು.

ನಾನು ನನಗೆ ಬರುವ ದಖನಿ ಹಿಂದಿಯಲ್ಲಿ ಅಧಿಕಾರಿಗೆ ಎಲ್ಲ ತಿಳಿಸಿ ಹೇಳಿದೆ. ಪಕ್ಕದಲ್ಲಿದ್ದ ಮರಾಠಿ ಜವಾನ, ನಮ್ಮಲ್ಲೂ ಹೀಗೆ ಮಾಡುತ್ತಾರೆ ಸಾಹೇಬ್ ಅಂದ. ಅಧಿಕಾರಿ ಬೆವರು ಒರೆಸಿಕೊಂಡರು, ಸ್ವಲ್ಪ ನಕ್ಕರು. ಇಲ್ಲಿಗೆ ಮುಗಿಯಬೇಕಿತ್ತು. ಅವರು ಸುಮ್ಮನೆ ಅನ್ನುವ ಹಾಗೆ ಕೇಳಿದರು: ಇಷ್ಟು ನುಣುಪಾದ ಕರಿ ಕಲ್ಲು ಎಲ್ಲಿಯದು? ನಮ್ಮ ಶಹಾಬಾದಿನ ಕಲ್ಲು ಮೆತ್ತಗಿನದು, ಗುಂಡಿಗೆ ಬರುವುದಿಲ್ಲ. ಇದು ಹೆಂಡತಿಯ ತವರು ಸನ್ನತಿಯದು. ಅದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಸನ್ನತಿಯಲ್ಲಿ ಎಂಥೆಂಥ ಕಲ್ಲು ಸಿಗುತ್ತವೆ ಸಾಹೇಬ್, ಹೊಲ ಊಳುವಾಗ ಗೊಂಬೆ ಕೆತ್ತಿದ ಕಲ್ಲು ಸಿಗುತ್ತವೆ ಅಂತ ಮೇಲೆ ಒಂದು ಮಾತು ಸೇರಿಸಿದೆ.

ಅವರ ಮುಖದ ನಗು ಹೋಯಿತು.

ಆ ಊರಿನ ಹೆಸರು ಅವರು ಎಲ್ಲೋ ಕೇಳಿದ್ದರು. ಹಳೆಯ ಕಾಲದ ಮೂರ್ತಿಗಳನ್ನು ಹೊರದೇಶಕ್ಕೆ ಸಾಗಿಸುವುದು ದೊಡ್ಡ ಅಪರಾಧ ಅಂದರು. ಕಣ್ಣು ಬರೆದಿದೆ, ಅರಿಶಿಣ ಹಚ್ಚಿದೆ, ಬಟ್ಟೆಯಲ್ಲಿ ಮುಚ್ಚಿಟ್ಟಿದೆ, ಸಾಮಾನಿನ ಪಟ್ಟಿಯಲ್ಲಿ ಹೆಸರಿಲ್ಲ. ಇಂಥದ್ದನ್ನು ನೋಡಿ ಹೇಳುವವರು ಬೇರೆ ಇದ್ದಾರೆ, ಅವರು ಮುಂದಿನ ವಾರ ಬರುತ್ತಾರೆ, ಅಲ್ಲಿಯವರೆಗೆ ಎರಡೂ ಖೋಕಾ ಇಲ್ಲೇ ಇರಬೇಕು, ಸಾಮಾನು ಯಾರ ಹೆಸರಿನಲ್ಲಿದೆಯೋ ಅವರೂ ಇಲ್ಲೇ ಇರಬೇಕು ಅಂದರು. ನನ್ನ ಒಂದು ಮಾತಿಗೆ ಮಗಳ ಹಡಗು ನಿಂತುಹೋಯಿತು. ಇದೇನು ನಡೆಯುತ್ತಿದೆ ಅಂತ ನನಗೆ ತಿಳಿಯದ ಹಾಗಾಯಿತು. ಕಾರ ಅರೆಯುವ ಕಲ್ಲು ಹೆಣವಾಯಿತು, ಹೆಣ ಹೋಗಿ ದೇವರಾಯಿತು, ಈಗ ಕಳುವಿನ ಮಾಲಾಯಿತು.

ಮಗಳು ಮುದ್ರೆ ಹಾಕಿದ ಸಣ್ಣ ಖೋಕಾದ ಮೇಲೆ ಕುಸಿದು ಕೂತಳು. ಕಲ್ಲನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಅಂದರೂ ಅಧಿಕಾರಿ ಒಪ್ಪಲಿಲ್ಲ. ಅನುಮಾನದ ಮಾಲು ಬಿಟ್ಟು ಹೋಗುವುದು ಇನ್ನೂ ಅನುಮಾನ ಅಂದರು. ಆಗ ಪೊಲೀಸಿನವನು ಒಂದು ಉಪಾಯ ಹೇಳಿದ. ಒಡೆದು ಹಾಕಲಿ. ಮೂರ್ತಿಯಲ್ಲದಿದ್ದರೆ ಇವರಿಗೇನು ನಷ್ಟ? ಅಧಿಕಾರಿ ನನ್ನ ಮುಖ ನೋಡಿದರು. ಒಡೆಯುತ್ತೀಯಾ ಅಂತ ಕೇಳಿದರು.

ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಶಹಾಬಾದಿನವನಿಗೆ ಕಲ್ಲು ಒಡೆಯುವುದು ದೊಡ್ಡ ಮಾತಲ್ಲ, ನಮ್ಮ ಊರು ಬದುಕಿದ್ದೇ ಅದರ ಮೇಲೆ. ಗುಂಡನ್ನು ನೆಲದ ಮೇಲೆ ಇಟ್ಟೆ. ಕಾಡಿಗೆಯ ಕಣ್ಣುಗಳು ಮೇಲೆ ನೋಡುತ್ತಿದ್ದವು. ಹೆಂಡತಿ ಒಂದು ಕೆನ್ನೆಗೆ ದೃಷ್ಟಿಬೊಟ್ಟು ಕೂಡ ಇಟ್ಟಿದ್ದಳು. ಸುತ್ತಿಗೆ ಎತ್ತಿದೆ. ಮಗಳು ತನ್ನ ಕೂಸಿನ ಮುಖವನ್ನು ಆ ಕಡೆ ತಿರುಗಿಸಿದಳು. ನನ್ನ ಕೈ ಮೇಲೆಯೇ ನಿಂತಿತು. ಇಳಿಸಿದೆ, ಆದರೆ ಕಲ್ಲಿನ ಮೇಲೆ ಅಲ್ಲ.

ಕೂತು ಗುಂಡನ್ನು ಮಗುಚಿದೆ. ತಳದಲ್ಲಿ ಅರೆದು ಅರೆದು ಸವೆದು, ಬಳೆಯ ಹಾಗೆ ಸುತ್ತಲೂ ಒಂದು ಹೊಳೆಯುವ ಗುರುತು ಇತ್ತು. ಹೆಂಡತಿ, ಆಕೆಯ ಅವ್ವ, ಅವರ ಅತ್ತೆ, ಎಲ್ಲರ ಕೈ ಅದರಲ್ಲಿತ್ತು. ಈ ಗುಂಡು ಕೂರುವುದು ಒಂದೇ ಒಳ್ಳಿನಲ್ಲಿ. ಒಂದು ಇನ್ನೊಂದನ್ನು ಸವೆಸಿ ಜೋಡಿಯಾಗಿವೆ. ಆ ಒಳ್ಳು ಎಲ್ಲಿದೆ? ಮಗಳು ಕೂತಿದ್ದ ಖೋಕಾದ ತಳದಲ್ಲಿ, ಕೊಡಗಳ ಕೆಳಗೆ, ಸೀಸದ ಮುದ್ರೆಯ ಒಳಗೆ.

ಮುದ್ರೆ ಬಿಚ್ಚಿಸಿ ಸಾಹೇಬ್, ಇದರ ಜೋಡಿ ತೋರಿಸುತ್ತೇನೆ ಅಂದೆ. ಅವರು ಸಾವಧಾನವಾಗಿಯೇ ತಿಳಿಸಿ ಹೇಳಿದರು. ಪಾಸಾದ ಖೋಕಾ ಅದೊಂದೇ. ಮುದ್ರೆ ಒಡೆದರೆ ಅದೂ ಪಾಸಾಗದ ಮಾಲಿನ ಲೆಕ್ಕ. ಪ್ರತಿಯೊಂದು ಪಾತ್ರೆ ಹೊರಗೆ ತೆಗೆದು, ಮತ್ತೆ ನೋಡಿ, ಮತ್ತೆ ಕಟ್ಟಬೇಕು. ಬಾಗಿಲು ಹಾಕುವುದರೊಳಗೆ ಮುಗಿಯದಿದ್ದರೆ ನಾನೇನೂ ಮಾಡಲಾರೆ ಅಂದರು.

ಬಿಸಿಲು ಆಗಲೇ ಶೆಡ್ಡಿನ ಆಚೆ ಬದಿಗೆ ಹೋಗಿತ್ತು. ಹಮಾಲ ನನ್ನ ಕಿವಿಯಲ್ಲಿ, ವಿಚಾರ ಮಾಡಿರಿ ಕಾಕಾ, ಇದ್ದದ್ದೂ ಹೋಗುತ್ತದೆ ಅಂದ. ನಾನು ಮಗಳ ಕಡೆ ನೋಡಿದೆ. ಆಕೆ ಎದ್ದು ನಿಂತು ಖೋಕಾ ಬಿಟ್ಟು ಕೊಟ್ಟಳು.

"ಬಿಚ್ಚು ಯಪ್ಪಾ. ನೀ ಕಟ್ಟಿದ್ದು ನಿನಗ ಬಿಚ್ಚಲಿಕ್ಕ ಬರಲ್ಲೇನು?"

ಬಿಚ್ಚಿದೆ. ಮೊಳೆಗಳನ್ನು ಬಾಯಲ್ಲಿ ಹಿಡಿದೆ, ಪಟ್ಟಿ ಸುರುಳಿ ಸುತ್ತಿಟ್ಟೆ, ಸಾಮಾನು ಬಂದ ವರಸೆಯಲ್ಲೇ ನೆಲದ ಮೇಲೆ ಸಾಲಾಗಿ ಇಟ್ಟೆ, ತಿರುಗಿ ಇಡುವಾಗ ಹುಡುಕುವಂತಾಗಬಾರದು ಅಂತ. ಕೊನೆಗೆ ಒಳ್ಳು ಬಂತು. ಹಮಾಲನೂ ನಾನೂ ಸೇರಿ ಎತ್ತಿ ಅಧಿಕಾರಿಯ ಕಾಲ ಮುಂದೆ ಇಟ್ಟೆವು. ಗುಂಡಿನ ಕುಂಚಿಗೆ ಬಿಚ್ಚಿ, ಮುಖ ತೊಳೆದು, ಒಳ್ಳಿನಲ್ಲಿ ಇಳಿಬಿಟ್ಟೆ. ಟಕ್ ಅಂತ ಕೂತಿತು. ತಿರುವಿದರೆ ಎಲ್ಲೂ ತಡೆಯಲಿಲ್ಲ.

ಅಧಿಕಾರಿ ತಾವೇ ಕೈ ಹಾಕಿ ತಿರುವಿ ನೋಡಿದರು. ಆದರೂ ತಲೆಯಾಡಿಸಿದರು. ದುಂಡನೆಯ ಯಾವ ಕಲ್ಲಾದರೂ ಕೂರಬಹುದಲ್ಲ ಅಂದರು.

ಆಗ ಮಗಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಗಿಸಿ, ಬಂದರಿನ ನೆಲದ ಮೇಲೆ ಒಳ್ಳಿನ ಮುಂದೆ ಒಂದು ಕಾಲು ಚಾಚಿ ಕೂತಳು. ದಾರಿಯ ಬುತ್ತಿಗಂಟು ಬಿಚ್ಚಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುರಿದ ಶೇಂಗಾ ತೆಗೆದಳು. ಎಲ್ಲ ಒಳ್ಳಿಗೆ ಹಾಕಿ ಅರೆಯತೊಡಗಿದಳು. ಒಂದು ಕೈ ಗುಂಡು ತಿರುವುತ್ತಿದ್ದರೆ ಇನ್ನೊಂದು ಕೈ ಒಳಗಿನದನ್ನು ನೂಕುತ್ತಿತ್ತು. ಆಕೆಯ ಅವ್ವ ಕೂರುವ ಹಾಗೆಯೇ ಕೂತಿದ್ದಳು, ಹಾಗೆಯೇ ತುಟಿ ಕಚ್ಚಿಕೊಂಡಿದ್ದಳು. ಘಾಟು ಏಳತೊಡಗಿತು. ಮೊದಲು ಪೊಲೀಸಿನವನು ಸೀನಿದ. ಆಮೇಲೆ ಜವಾನ. ಆಮೇಲೆ ಅಧಿಕಾರಿ ಕರ್ಚೀಫು ಹುಡುಕುವುದರೊಳಗೆ ಎರಡು ಸಲ ಸೀನಿದರು. ನನ್ನ ಕೈಯಲ್ಲಿದ್ದ ಕೂಸು ಎಚ್ಚರಾಗಿ ಒಂದು ಸಣ್ಣ ಸೀನು ಸೀನಿ, ಸುತ್ತಲಿದ್ದವರನ್ನೆಲ್ಲ ನೋಡಿ ನಕ್ಕಿತು.

ಮಗಳು ಜೋಳದ ರೊಟ್ಟಿಯ ಮೇಲೆ ಚಟ್ನಿ ಇಟ್ಟು ಎರಡೂ ಕೈಯಿಂದ ಅವರ ಮುಂದೆ ಹಿಡಿದಳು.

"ತಿಂದು ನೋಡ್ರಿ ಸಾಹೇಬ್ರ. ದೇವರಾದ್ರ ಇಷ್ಟು ಖಾರ ಇರ್ತಿತ್ತೇನು?"

ಹಮಾಲ ಅದನ್ನು ಹಿಂದಿಯಲ್ಲಿ ಹೇಳಿದ. ಅಧಿಕಾರಿ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ತುಂಬಿತು. ನೀರು ಕುಡಿದು, ಬಿದ್ದ ಪೆನ್ಸಿಲ್ ಎತ್ತಿಕೊಂಡು, ಸಾಮಾನಿನ ಪಟ್ಟಿಯ ಕೊನೆಗೆ ಮಸಾಲೆ ಅರೆಯುವ ಕಲ್ಲು, ಜೋಡಿ ಒಂದು ಅಂತ ತಾವೇ ಸೇರಿಸಿದರು. ಬೇಗ ಕಟ್ಟು ಅಂದರು.

ಆ ಸಂಜೆ ನಾನು ಕಟ್ಟಿದ ಹಾಗೆ ಎಂದೂ ಕಟ್ಟಿಲ್ಲ. ಅಧಿಕಾರಿ ಒಂದೊಂದು ಪಾತ್ರೆ ನೋಡಿ ದಾಟಿಸಿದರು, ಹಮಾಲ ಎತ್ತಿ ಕೊಟ್ಟ, ನಾನು ಕೂರಿಸಿದೆ. ಗುಂಡನ್ನು ಒಳ್ಳಿನ ಜೊತೆ ಇಡುವುದು ಸರಿಯಾದ ಕ್ರಮ. ಅದನ್ನು ಕೈಗೆ ತೆಗೆದುಕೊಂಡು ಮಗಳನ್ನು ಕೇಳಿದೆ. ಆಕೆ, ಅವ್ವ ಇಟ್ಟಲ್ಲೇ ಇರಲಿ ಅಂದಳು. ಮುರಿದ ಕಂಬಕ್ಕೆ ಎರಡು ಕಡೆ ಪಟ್ಟಿ ಕೊಟ್ಟು ಬಿಗಿದೆ. ಉಳಿದ ಕಟ್ಟಿಗೆ ತುಂಡುಗಳಲ್ಲಿ ಬೆಣೆ ಮಾಡಿ, ಫರಸಿಗೆ ಮಾಡುವ ಹಾಗೆ ನಾಲ್ಕೂ ಕಡೆ ಆನಿಸಿ, ಧೋತರ ಸುತ್ತಿ, ಗುಂಡನ್ನು ತೊಟ್ಟಿಲಲ್ಲಿ ಅಲ್ಲಾಡದ ಹಾಗೆ ಮಲಗಿಸಿದೆ. ಕುಂಚಿಗೆ ಹಾಕಿದೆ. ಕಾಡಿಗೆ ತೊಳೆದುಹೋಗಿತ್ತು. ಮಗಳು ತನ್ನ ಡಬ್ಬಿಯಿಂದ ಬೆರಳಿಗೆ ಹಚ್ಚಿಕೊಂಡು ಮತ್ತೆ ಎರಡು ಕಣ್ಣು ಬರೆದಳು. ಮುಚ್ಚಳ ಇಡುವ ಮುಂಚೆ ಅಧಿಕಾರಿ ಬಗ್ಗಿ ಒಮ್ಮೆ ನೋಡಿದರು. ಕುಂಚಿಗೆ ಸ್ವಲ್ಪ ಓರೆಯಾಗಿತ್ತು, ಒಂದು ಬೆರಳಿನಿಂದ ಸರಿಮಾಡಿದರು. ಶೆಡ್ಡಿನ ಬಾಗಿಲು ಎಳೆಯುತ್ತಿದ್ದಾಗ ಎರಡನೆಯ ಮುದ್ರೆ ಬಿತ್ತು.

ಮರುದಿನ ಬೆಳಿಗ್ಗೆ ಮಗಳು ಹಡಗು ಹತ್ತಿದಳು. ಮೇಲಿನಿಂದ ಕೂಸಿನ ಕೈ ಹಿಡಿದು ಬೀಸಿದಳು. ಕೆಳಗೆ ನಿಂತು ನಾನು ಅತ್ತೆನೋ ನಕ್ಕೆನೋ ಹಮಾಲನನ್ನು ಕೇಳಬೇಕು.

ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿಗೆ ಬೈಯುವ ಮಾತುಗಳನ್ನು ಜೋಡಿಸಿಕೊಂಡು ಬಂದೆ. ಆಕೆ ಬಾಗಿಲಲ್ಲೇ ನಿಂತಿದ್ದಳು. ಹಡಗು ಹತ್ತಿದಳೇ ಅಂತ ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಬಿಚ್ಚಿದ್ರೇನು?" ಅಂದಳು.

"ಬಿಚ್ಚಿದ್ವಿ."

"ಮತ್ತ ಮಲಗಿಸಿದ್ರಿಲ್ಲ?"

ಮಲಗಿಸಿದೆ ಅಂದೆ. ಕೈಕಾಲಿಗೆ ನೀರು ತಂದಿಟ್ಟಳು. ಜೋಡಿಸಿಕೊಂಡ ಬೈಗಳೆಲ್ಲ ಆ ನೀರಿನ ಜೊತೆ ಹೋದವು.

ಎರಡನೆಯ ಹೆರಿಗೆಗೆ ಅಂತ ಮಗಳು ಊರಿಗೆ ಬಂದದ್ದು ಎರಡು ತಿಂಗಳ ಹಿಂದೆ. ನಾವಿಬ್ಬರೂ ವಾಡಿ ಸ್ಟೇಷನ್ನಿಗೆ ಹೋಗಿದ್ದೆವು. ಗಾಡಿ ನಿಂತಿತು. ಮೊದಲು ಇಳಿದವಳು ನನ್ನೆದೆಯೆತ್ತರ ಬೆಳೆದ ಒಂದು ಹುಡುಗಿ. ಬಟ್ಟೆಯಲ್ಲಿ ಸುತ್ತಿ ಕುಂಚಿಗೆ ಹಾಕಿದ್ದೊಂದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ಭಾರಕ್ಕೆ ಹಿಂದಕ್ಕೆ ಬಾಗಿ ಇಳಿಯುತ್ತಿದ್ದಳು. ಕುಂಚಿಗೆಯ ಹಸಿರು ಮಾಸಿ ಹೋಗಿತ್ತು. ಪಕ್ಕದಲ್ಲಿದ್ದ ಚಹಾದವನು, ಜ್ವಾಕಿ ಅವ್ವಿ, ಕೂಸು ಬಿದ್ದೀತು ಅಂತ ಕೈ ಚಾಚಿದ. ಅವಳು ನಕ್ಕು, ಇವನು ಬಿದ್ದರೆ ನಿನ್ನ ಕಾಲು ಹೋಗುತ್ತದೆ ಅಂದಳು. ನಮ್ಮ ಮಾತಿನಲ್ಲೇ ಅಂದಳು. ನಾನು ಆಗಲೇ ಅಳುತ್ತಿದ್ದೆ.

ತೊಟ್ಟಿಲು ಅಲ್ಲೇ ಉಳಿದಿದೆ. ಆ ಊರಿನ ಬೇರೆ ಬೇರೆ ಮನೆಗಳ ಕೂಸುಗಳು ಅದರಲ್ಲಿ ಮಲಗಿ ಎದ್ದಿವೆಯಂತೆ. ಒಳ್ಳಿಗೂ ಗುಂಡಿಗೂ ದಿನಾ ಕೆಲಸ ಇತ್ತಂತೆ, ಚಟ್ನಿಗೆ ಸುತ್ತಲಿನವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರಂತೆ. ಹುಟ್ಟುವ ಕೂಸಿನ ನಾಮಕರಣಕ್ಕೆ ಅದೇ ಗುಂಡು ಬೇಕು ಅಂತ ಮೊಮ್ಮಗಳು ಹಟ ಮಾಡಿ ಹೊತ್ತು ತಂದಿದ್ದಳು.

ಹೆಂಡತಿ ಮೊಮ್ಮಗಳ ಕೈಯಿಂದ ಗುಂಡನ್ನು ಇಸಿದುಕೊಂಡಳು. ಪ್ಲಾಟ್‌ಫಾರ್ಮಿನ ಮೇಲೆ ಕೂತು, ಕುಂಚಿಗೆ ಬಿಚ್ಚಿ, ಮಡಿಲಲ್ಲಿ ಹಾಕಿಕೊಂಡು ಮೈಯೆಲ್ಲ ಸವರಿ ನೋಡಿದಳು. ಅರೆಯುವ ಬಳೆ ಮೇಲಕ್ಕೆ ಏರಿತ್ತು, ಕಲ್ಲು ಗಿಡ್ಡಾಗಿತ್ತು. ಆಕೆ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮತ್ತೆ ಮಡಿಲಿನ ಕಡೆ ನೋಡಿದಳು.

"ನೀ ಇಷ್ಟು ಬೆಳೆದಿ. ಇವ ನೋಡ ಹೆಂಗ ಸೊರಗ್ಯಾನ" ಅಂದಳು.

ಅಂದಿನಿಂದ ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬಿಸಿಲಿಗೆ ಇಡುತ್ತಾಳೆ. ಬರುವ ಸೋಮವಾರ ನಾಮಕರಣ. ತೊಟ್ಟಿಲಿನ ಕೊನೆಯ ಬೆಣೆ ಇನ್ನೂ ಬಡಿಯಬೇಕು, ಅಷ್ಟರಲ್ಲಿ ಒಳಗೆ ಕೂಸು ಮತ್ತೆ ಅಳುತ್ತಿದೆ. ಬರೆಯುವುದು ಸಾಕು ಮುತ್ಯಾ, ಏಳು, ಮೊದಲು ಅಣ್ಣ ಮಲಗಬೇಕು, ಆಮೇಲೆ ತಮ್ಮ, ಅಂತ ಮೊಮ್ಮಗಳು ಗುಂಡನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಾಳೆ.